ಬನ್ನೂರು ಕುರಿ ಮಂದೆಯಲ್ಲಿ ಮರಿಗಳು ಒಂದೇ ಸಮ, ಗಟ್ಟಿಯಾಗಿ ಬರಲು ಟಗರನ್ನು ಆರಿಸುವುದು ಹೇಗೆ?

ಗಾತ್ರ ಒಂದನ್ನೇ ನೋಡಿ ಟಗರು ಇಟ್ಟುಕೊಳ್ಳಬೇಡಿ. ಒಂಟಿಯಾಗಿ ಹುಟ್ಟಿದ ಮರಿ ತಾಯಿಯ ಹಾಲನ್ನೆಲ್ಲ ತಾನೇ ಕುಡಿದು ದಪ್ಪಗಿರುತ್ತದೆ, ಅದು ತಳಿಗುಣವಲ್ಲ. ಮೂರು ತಿಂಗಳಿಗೆ ತೂಗಿ, ಒಂಟಿಯನ್ನು ಒಂಟಿಯ ಜೊತೆ, ಅವಳಿಯನ್ನು ಅವಳಿಯ ಜೊತೆ ಹೋಲಿಸಿ. ಮಳೆಗಾಲದಲ್ಲಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ: ಜಂತಿನ ಔಷಧಿ ಇಲ್ಲದೆಯೂ ಒಳಗೆ ಕೆಂಪಗಿದ್ದರೆ, ಆ ಮರಿ ರಕ್ತ ಹೀರುವ ಹುಳುವನ್ನು ತಡೆದುಕೊಳ್ಳುತ್ತಿದೆ. ಬಿಳುಚಿದ್ದಕ್ಕೆ ಔಷಧಿ ಕೊಡಿ, ತಳಿಗೆ ಬಿಡಬೇಡಿ.

ಮಂದೆ ನಿಜವಾಗಿ ಕೆಡುವುದು ರಕ್ತಸಂಬಂಧದಿಂದ. 30 ಕುರಿಗೆ ಒಂದೇ ಟಗರು, ಮುಂದೆ ಅದರ ಮಗನೇ ಟಗರು ಎಂದಾದರೆ ಒಳಸಂಕರಣ (ರಕ್ತಸಂಬಂಧಿಗಳೇ ಕೂಡಿ ಮರಿ ಹಾಕುವುದು) ತಲೆಮಾರಿಗೆ ಸುಮಾರು ಶೇ 13ರಷ್ಟು ಏರುತ್ತದೆ. ನಾಲ್ಕು ಟಗರಿದ್ದರೆ ಶೇ 3.5. ಒಳಸಂಕರಣ ಏರಿದಂತೆ ಹುಟ್ಟುತೂಕ ಇಳಿದು ಎಳೆಮರಿಗಳು ಸಾಯುತ್ತವೆ. ಹೆಣ್ಣುಮರಿಗಳು ಬೆದೆಗೆ ಬರುವ ಮೊದಲೇ, ರಕ್ತಸಂಬಂಧವಿಲ್ಲದ ಬೇರೆ ಮಂದೆಯ ಟಗರಿಗೆ ಅದಲುಬದಲು ಮಾಡಿಕೊಳ್ಳಿ.