ಸಿಳ್ಳೆ ಹೊಡೆಯುವ ಮಕ್ಕಳಿಗೆ ಯಾವ ಯುದ್ಧಚಿತ್ರ?

ಪ್ರಶ್ನೆ: ಮಸ್ಕಿ ಹತ್ತಿರದ ಹಳ್ಳಿಯ ಪ್ರೌಢಶಾಲೆಯಲ್ಲಿ ಸಮಾಜವಿಜ್ಞಾನ ಕಲಿಸುತ್ತೇನೆ. ಯುದ್ಧ ಬೇಡ ಎನ್ನುವ ಸಿನಿಮಾ ಅಂತಲೇ ಒಂದನ್ನು ಒಂಬತ್ತು, ಹತ್ತನೇ ತರಗತಿಗೆ ತೋರಿಸಿದೆ. ಗುಂಡು ಹಾರಿದಾಗಲೆಲ್ಲ ಸಿಳ್ಳೆ. ಆಮೇಲೆ ಕೇಳಿದರೆ ‘ಯುದ್ಧ ಕೆಟ್ಟದ್ರಿ ಸರ್’ ಅಂದು ಸುಮ್ಮನಾದರು. ಮಾತು ಬೆಳೆಸುವುದು ಹೇಗೆ?
– ಶಿಕ್ಷಕರೊಬ್ಬರು, ರಾಯಚೂರು ಜಿಲ್ಲೆ

ಉತ್ತರ: ಸಿಳ್ಳೆ ಮಕ್ಕಳ ತಪ್ಪಲ್ಲ. ಕ್ಯಾಮೆರಾ ಬಂದೂಕಿನ ಹಿಂದೆ ನಿಂತರೆ ನೋಡುವವರೂ ಅಲ್ಲೇ ನಿಲ್ಲುತ್ತಾರೆ. ರಣರಂಗವೇ ಇಲ್ಲದ ಚಿತ್ರ ಆರಿಸಿ. ನಮ್ಮ ಆಯ್ಕೆ ಇಸಾವೊ ತಕಹಾತ ಅವರ 1988ರ ಜಪಾನಿ ಅನಿಮೇಷನ್ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’. 1945ರಲ್ಲಿ ಕೋಬೆ ನಗರದ ಮೇಲೆ ಬೆಂಕಿಬಾಂಬು ಬಿದ್ದ ಮೇಲೆ 14 ವರ್ಷದ ಸೇಯಿತಾ, 4 ವರ್ಷದ ತಂಗಿ ಸೆತ್ಸುಕೊ ಬದುಕಲು ಹೆಣಗುವ ಕಥೆ. ಕಾರ್ಟೂನ್ ಅಂದುಕೊಂಡು ಆರು, ಏಳನೆಯವರನ್ನು ಕೂರಿಸಬೇಡಿ.

ಚಿತ್ರ 89 ನಿಮಿಷ. ಎರಡು ಪೀರಿಯಡ್‌ಗೆ ತುಂಡು ಮಾಡಿದರೆ ಎಳೆ ಕಡಿಯುತ್ತದೆ. ಶನಿವಾರದ ಬೆಳಗಿನ ಶಾಲೆಯಲ್ಲಿ ಒಂದೇ ಸಲ ತೋರಿಸಿ, 10 ನಿಮಿಷ ಬಿಡುವು, 40 ನಿಮಿಷ ಮಾತು. ಕರೆಂಟಿನ ಭರವಸೆ ಇಲ್ಲದಿದ್ದರೆ ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಟರಷ್ಟೇ ಸಾಲದು, ಪ್ರೊಜೆಕ್ಟರಿಗೂ ಯುಪಿಎಸ್ ಬೇಕು. ಪ್ರೇಕ್ಷಕರು ಮಕ್ಕಳು, ಸಿಬ್ಬಂದಿ, ಪಾಲಕರಷ್ಟೇ ಆಗಿದ್ದರೆ ಶಾಲೆಯ ಪ್ರದರ್ಶನಕ್ಕೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ವಿನಾಯಿತಿ ಕೊಡುತ್ತದೆ. ಊರಿಗೆಲ್ಲ ಡಂಗುರ ಹೊಡೆದರೆ ಇಲ್ಲ.

ಇಂಗ್ಲಿಷ್ ಅಡಿಬರಹ ಓದುವುದರಲ್ಲೇ ಮಕ್ಕಳು ಸೋಲುತ್ತಾರೆ. ಹಿಂದಿನ ದಿನವೇ ಕಥೆಯನ್ನು ಕನ್ನಡದಲ್ಲಿ ಒಂದು ಪುಟ ಬರೆದು ಓದಿಸಿ. ರಸ ಕೆಡುವುದಿಲ್ಲ, ಹುಡುಗ ಸಾಯುತ್ತಾನೆಂದು ಚಿತ್ರವೇ ಶುರುವಿನಲ್ಲಿ ಹೇಳಿಬಿಡುತ್ತದೆ. ಸುಟ್ಟು ಬ್ಯಾಂಡೇಜು ಸುತ್ತಿದ ತಾಯಿಯ ದೃಶ್ಯ ಮೊದಲ ಅರ್ಧಗಂಟೆಯೊಳಗೇ ಬರುತ್ತದೆ, ಮುಂಚೆ ತಿಳಿಸಿ. ಈಚೆಗೆ ಮನೆಯಲ್ಲಿ ಸಾವು ಕಂಡ ಮಗುವನ್ನು ಒತ್ತಾಯಿಸಬೇಡಿ. ಎದ್ದು ಹೋಗಲು ಯಾರಿಗೂ ಅಪ್ಪಣೆ ಬೇಡ.

ಮುಗಿದ ತಕ್ಷಣ ‘ಏನು ಕಲಿತಿರಿ?’ ಎಂದರೆ ಮತ್ತೆ ಅದೇ ‘ಕೆಟ್ಟದ್ರಿ ಸರ್’. ಐದು ನಿಮಿಷ ಕೊಟ್ಟು, ಮರೆಯಲಾಗದ ಒಂದು ನೋಟ, ಒಂದು ಸದ್ದು ಬರೆಸಿ. ನಂತರ ಮನೆ ಸುಟ್ಟ ಮೇಲೆ ಮಕ್ಕಳು ಆಸರೆ ಪಡೆಯುವ, ಚಿಕ್ಕಮ್ಮನಂಥ ಬಂಧುವಿನ ಮನೆಗೆ ಬನ್ನಿ. ಅವಳು ಮಕ್ಕಳ ತಾಯಿಯ ಕಿಮೋನೊ (ಜಪಾನಿ ಉಡುಪು) ಮಾರಿ ಅಕ್ಕಿ ತರುತ್ತಾಳೆ, ದುಡಿಯದವರಿಗೇಕೆ ಅನ್ನ ಎಂದು ಚುಚ್ಚುತ್ತಾಳೆ. ಹುಡುಗ ಸ್ವಾಭಿಮಾನದಿಂದ ತಂಗಿಯನ್ನು ಕರೆದುಕೊಂಡು ಹೊರಡುತ್ತಾನೆ. ಸರಿ ಮಾಡಿದನೇ? ತರಗತಿ ಇಬ್ಭಾಗವಾಗುವುದು ಇಲ್ಲೇ, ಆಗಲಿ. ಇನ್ನೊಂದು ಪ್ರಶ್ನೆ ಇದಕ್ಕಿಂತ ಚೂಪು: ತಾಯಿಯ ಖಾತೆಯಲ್ಲಿ ಹಣ ಇತ್ತಲ್ಲ, ಆದರೂ ಮಗು ಹಸಿವಿನಿಂದ ಏಕೆ ಸತ್ತಿತು? ಪಡಿತರ, ಕಾಳಸಂತೆ, ಬೆಳೆದವನೇ ಕಾಳು ಬಿಟ್ಟುಕೊಡದಿರುವುದು, ಎಲ್ಲವೂ ಒಕ್ಕಲು ಮನೆಯ ಮಕ್ಕಳ ಬಾಯಿಂದಲೇ ಬರುತ್ತದೆ.

ಮಾತು ನಮ್ಮ ಗಡಿಯತ್ತ ತಿರುಗಿದರೆ ತಡೆಯಬೇಡಿ, ಗೆದ್ದವರಾರು ಎಂಬ ಲೆಕ್ಕಕ್ಕೂ ಇಳಿಯಬೇಡಿ. ಅಣ್ಣನೋ ಮಾವನೋ ಸೇನೆಯಲ್ಲಿರುವ ಮಗುವೂ ಅಲ್ಲಿರುತ್ತದೆ. ಸೇಯಿತಾನ ಅಪ್ಪನೂ ನೌಕಾಪಡೆಯವನೇ ಎಂದು ನೆನಪಿಸಿ, ದೃಶ್ಯಕ್ಕೆ ಮರಳಿ.

ಯಾರಾದರೂ ನಿಮ್ಮೂರ ಅಶೋಕನನ್ನು ಎತ್ತಿಯೇ ಎತ್ತುತ್ತಾರೆ. ಮಸ್ಕಿ ಶಾಸನದಲ್ಲಿ ಅವನ ಹೆಸರಿದೆ, ಕಳಿಂಗದ ಮಾತಿಲ್ಲ. ಅದು ಇರುವುದು 13ನೇ ಬಂಡೆಶಾಸನದಲ್ಲಿ. ಅಲ್ಲಿನ ಲೆಕ್ಕ: ಸೆರೆಯಾಗಿ ಹೋದವರು ಒಂದೂವರೆ ಲಕ್ಷ, ಹತರಾದವರು ಒಂದು ಲಕ್ಷ, ಅದರ ಹಲವು ಪಟ್ಟು ಜನ ಸತ್ತರು. ಆ ಸಾಲನ್ನೂ ಚಿತ್ರದ ಇಬ್ಬರು ಮಕ್ಕಳನ್ನೂ ಬೋರ್ಡಿನ ಮೇಲೆ ಎದುರುಬದುರು ಬರೆದು, ಯಾವುದು ಹೆಚ್ಚು ತಟ್ಟಿತು, ಏಕೆ ಎಂದು ಕೇಳಿ. ಉತ್ತರಕ್ಕೆ ಅಂಕ ಕೊಡಬೇಡಿ. ಅಂಕ ಅಂದರೆ ಗೈಡಿನ ಭಾಷೆ ಬಂದುಬಿಡುತ್ತದೆ.