ರ್ಯಾಪ್ಟರ್ 700 ತಿರುವಲ್ಲಿ ನೆಟ್ಟಗೆ ಹೋಗ್ತದೆ, ಮುಂದೆ ಸ್ಪೇಸರ್ ಹಾಕ್ಸ್ಲಾ?

ಅಣ್ಣ, ನೀವು ಕೇಳಿರೋದು ಇಷ್ಟು: ಸೆಕೆಂಡ್ ಹ್ಯಾಂಡ್ ಯಮಹಾ ರ್ಯಾಪ್ಟರ್ 700 ಆರ್ (ಬೈಕ್ ಥರ ಹ್ಯಾಂಡಲ್ ಇರೋ ನಾಲ್ಕು ಚಕ್ರದ ಎಟಿವಿ) ತಗೊಂಡಿದ್ದೀರ, ಹ್ಯಾಂಡಲ್ ತಿರುಗಿಸಿದ್ರೂ ಗಾಡಿ ಸೀದಾ ಮುಂದಕ್ಕೇ ಹೋಗ್ತದೆ, ಜೋರಾಗಿ ತಿರುಗಿಸಿದ್ರೆ ಒಳಗಡೆ ಚಕ್ರ ಎದ್ದು ಬಿಡ್ತದೆ, ಯಾರೋ ಮುಂದೆ ಸ್ಪೇಸರ್ (ಚಕ್ರನ ಹೊರಕ್ಕೆ ತಳ್ಳೋಕೆ ಹಬ್ಬಿಗೂ ಚಕ್ರಕ್ಕೂ ಮಧ್ಯೆ ಹಾಕೋ ದಪ್ಪ ಬಿಲ್ಲೆ) ಹಾಕ್ಸಿ ಸರಿಹೋಗ್ತದೆ ಅಂದಿದ್ದಾರೆ. ಈಗ್ಲೇ ಹಾಕ್ಸ್ಬೇಡಿ. ಮೊದಲು ಅಳತೆ ಟೇಪು, ಒಂದು ದಾರ, ಒಂದು ನೋಟ್‌ಬುಕ್ಕು ತಗೊಳ್ಳಿ.

ನಂದೂ ಅದೇ ಗಾಡಿ. ಮುಳಬಾಗಿಲು ಕಡೆ ನಮ್ಮ ಹೊಲ, ಟೊಮ್ಯಾಟೊ ಮುಗಿದ ಮೇಲೆ ಎರಡು ಎಕರೆ ಖಾಲಿ ಬಿದ್ದಿರ್ತದೆ, ಅಲ್ಲೇ ಕ್ರೇಟ್ ಇಟ್ಟು ತಿರುವು ಮಾಡ್ಕೊಂಡು ಓಡಿಸ್ತೀನಿ. (ಮಲ್ಚಿಂಗ್ ಶೀಟು, ಡ್ರಿಪ್ ಪೈಪು ಪೂರ್ತಿ ಎತ್ತಿಸಿದ ಮೇಲೆ ಮಾತ್ರ, ಒಂದ್ಸಲ ಪೈಪು ಹಿಂದಿನ ಆಕ್ಸಲ್‌ಗೆ ಸುತ್ಕೊಂಡು ಅರ್ಧ ದಿನ ಬಿಡಿಸಿದೀನಿ.) ನಂಗೂ ನಿಮ್ ಥರಾನೇ ಆಗ್ತಿತ್ತು. ಒಂದು ಗ್ಯಾರೇಜಲ್ಲಿ ತೋರಿಸ್ದೆ, ಗಾಡಿ ವಾಲ್ತಿದೆ ಅಂದ್ರೆ ಸ್ಪ್ರಿಂಗ್ ಮೆತ್ತಗಿದೆ ಅಂತ ಮುಂದಿನ ಎರಡೂ ಶಾಕ್ ಅಬ್ಸಾರ್ಬರಿನ ಪ್ರಿಲೋಡ್ (ಸ್ಪ್ರಿಂಗನ್ನ ಮೊದಲೇ ಒತ್ತಿಡೋ ನಟ್ಟು) ಬಿಗಿ ಮಾಡಿ ಕಳಿಸಿದ್ರು. ಮಾರನೇ ದಿನ ಎರಡನೇ ಕ್ರೇಟ್ ಹತ್ರಾನೇ ಗಾಡಿ ಎರಡು ಚಕ್ರದ ಮೇಲೆ ನಿಂತ್ಕೊಂಡು, ನಾನು ಹಿಪ್ಪುನೇರಳೆ ಸಾಲಲ್ಲಿ ಬಿದ್ದಿದ್ದೆ. ಏಟು ಜಾಸ್ತಿ ಆಗ್ಲಿಲ್ಲ, ಮರ್ಯಾದೆ ಹೋಯ್ತು ಅಷ್ಟೇ.

ಯಾಕೆ ಹಂಗಾಯ್ತು ಅಂತ ಆಮೇಲೆ ಗೊತ್ತಾಗಿದ್ದು. ಪ್ರಿಲೋಡ್ ಬಿಗಿ ಮಾಡಿದ್ರೆ ಸ್ಪ್ರಿಂಗ್ ಗಟ್ಟಿ ಆಗಲ್ಲ, ಅದರ ಗಟ್ಟಿತನ ಅಷ್ಟೇ ಇರ್ತದೆ, ಗಾಡಿ ಎತ್ತರ ಆಗ್ತದೆ. ಚಾಸಿಗೂ ಚಕ್ರಕ್ಕೂ ನಡುವಿನ ಆರ್ಮ್ ಅನ್ನೋ ಕಂಬಿಯ ಮಧ್ಯೆ ಎಲ್ಲೋ ಶಾಕು ಕೂತಿರೋದ್ರಿಂದ ಅಲ್ಲಿ ಸ್ವಲ್ಪ ತಿರುಗಿಸಿದ್ರೂ ಚಕ್ರದ ಹತ್ರ ಅದಕ್ಕಿಂತ ಜಾಸ್ತಿನೇ ಏರ್ತದೆ. ಎತ್ತರ ಆದಷ್ಟೂ ಭಾರ ಮೇಲಕ್ಕೆ ಹೋಗಿ ಗಾಡಿ ಮಗುಚೋಕೆ ರೆಡಿ ಇರ್ತದೆ. ವಾಲೋದು ಕಮ್ಮಿ ಮಾಡೋಕೆ ಹೋಗಿ ಬೀಳೋದು ಜಾಸ್ತಿ ಮಾಡ್ಕೊಂಡಂಗಾಯ್ತು.

ಸರಿ, ಮೊದಲು ಟೈರ್. ಮುಂದೆ 21 ಇಂಚು, ಹಿಂದೆ 20 ಇಂಚು ಟೈರ್ ಇರೋ ಈ ಗಾಡಿಗೆ ಗಾಳಿ 4ರಿಂದ 5 ಪಿಎಸ್‌ಐ ಅಷ್ಟೇ, ಬೈಕ್ ಥರ 25, 30 ಅಲ್ಲ. ಪೆಟ್ರೋಲ್ ಬಂಕ್ ಮೀಟರು ಇಷ್ಟು ಕಮ್ಮಿ ಗಾಳೀನ ಸರಿಯಾಗಿ ತೋರ್ಸೋದೇ ಇಲ್ಲ, ಹುಡುಗ ಕಣ್ಣಂದಾಜಲ್ಲಿ ತುಂಬಿ ಬಿಡ್ತಾನೆ, ಆಗ ಟೈರು ಕಲ್ಲಾಗಿ ನಮ್ಮ ಕೆಂಪು ಗರಸು ಮಣ್ಣಿನ ಮೇಲೆ ಗೋಲಿ ಥರ ಜಾರ್ತದೆ. ಕಮ್ಮಿ ಗಾಳಿ ಅಳೆಯೋ ಗೇಜ್ ಬೇರೆ ಸಿಗ್ತದೆ, ತರಿಸ್ಕೊಳ್ಳಿ, ಎಡಕ್ಕೂ ಬಲಕ್ಕೂ ಒಂದೇ ಸಮ ಇಡಿ. ಅರ್ಧ ಕಾಯಿಲೆ ಇಲ್ಲೇ ವಾಸಿ ಆದ್ರೂ ಆಗಬಹುದು.

ಆಮೇಲೆ ಮುಂಭಾಗನ ಜ್ಯಾಕ್ ಕೊಟ್ಟು ಎತ್ತಿ ಚಕ್ರ ಹಿಡಿದು ಅಲ್ಲಾಡಿಸಿ. ಮೇಲೆ ಕೆಳಗೆ ಹಿಡಿದಾಗ ಲೊಡಲೊಡ ಅಂದ್ರೆ ಬಾಲ್ ಜಾಯಿಂಟೋ ಬೇರಿಂಗೋ ಹೋಗಿದೆ, ಎಡ ಬಲ ಹಿಡಿದಾಗ ಲೊಡಲೊಡ ಅಂದ್ರೆ ಟೈ ರಾಡ್ (ಹ್ಯಾಂಡಲಿಂದ ಚಕ್ರ ತಿರುಗಿಸೋ ಸರಳು) ತುದಿ. ಸೆಕೆಂಡ್ ಹ್ಯಾಂಡ್ ಗಾಡೀಲಿ ಇದು ಇದ್ದೇ ಇರ್ತದೆ. ಆಟ ಇರೋ ಜಾಯಿಂಟ್ ಬದಲಾಯಿಸದೆ ಮುಂದಿನ ಅಳತೆ ಯಾವುದು ಮಾಡಿದ್ರೂ ನೀರಲ್ಲಿ ಹೋಮ.

ಈಗ ಟೋ, ಅಂದ್ರೆ ಮುಂದಿನ ಚಕ್ರಗಳ ಮೂತಿ ಒಳಕ್ಕಿದೆಯಾ ಹೊರಕ್ಕಿದೆಯಾ ಅನ್ನೋದು. ಕಣದಂಥ ಸಪಾಟು ಜಾಗ ಬೇಕು, ನಾವು ರಾಗಿ ಕಣದಲ್ಲೇ ಮಾಡೋದು. ಹ್ಯಾಂಡಲ್ ನೆಟ್ಟಗಿಟ್ಟು ಕಟ್ಟಿ ಹಾಕಿ, ನಿಮ್ಮ ತೂಕದವರು ಒಬ್ರನ್ನ ಮೇಲೆ ಕೂರ್ಸಿ. ಮುಂದಿನ ಎರಡೂ ಟೈರ್ ಮಧ್ಯಕ್ಕೆ, ಆಕ್ಸಲ್ ಎತ್ತರಕ್ಕೆ, ಮುಂದುಗಡೆ ಚಾಕ್‌ಪೀಸಲ್ಲಿ ಗುರುತು ಹಾಕಿ ಟೇಪಲ್ಲಿ ಅಳೀರಿ. ಚಕ್ರ ಅರ್ಧ ಸುತ್ತು ತಿರುಗೋವಷ್ಟು ಗಾಡಿ ತಳ್ಳಿ, ಅದೇ ಗುರುತು ಹಿಂದಕ್ಕೆ ಬಂದಾಗ ಮತ್ತೆ ಅಳೀರಿ. ಮುಂದಿನ ಅಳತೆ ಹಿಂದಿನದಕ್ಕಿಂತ 3ರಿಂದ 6 ಮಿಲಿಮೀಟರ್ ಕಮ್ಮಿ ಇರ್ಬೇಕು, ಅಂದ್ರೆ ಚಕ್ರಗಳು ಒಂಚೂರು ಒಳಮುಖ. ನಂದು ನೋಡಿದ್ರೆ 11 ಮಿಲಿಮೀಟರ್ ಹೊರಮುಖ ಇತ್ತು, ಗಾಡಿ ನೆಟ್ಟಗಿರೋ ದಾರೀಲೂ ಹಾವಿನ ಥರ ಹರಿದಾಡ್ತಿದ್ದಿದ್ದು ಅದಕ್ಕೇ. ಸರಿ ಮಾಡುವಾಗ ಒಂದೇ ಕಡೆ ಟೈ ರಾಡ್ ತಿರುಗಿಸ್ಬೇಡಿ, ಎರಡೂ ಕಡೆ ಸಮಸಮ ತಿರುಗಿಸಿ. ಎಡ ಬಲ ಸಮ ಇದೆಯಾ ನೋಡೋಕೆ ಹಿಂದಿನ ಚಕ್ರದಿಂದ ಮುಂದಕ್ಕೆ ದಾರ ಎಳೀಬೇಕು, ನಾನು ಟೊಮ್ಯಾಟೊ ಕಡ್ಡಿ ನೆಟ್ಟು ದಾರ ಕಟ್ಟಿದ್ದೆ. ಟೈ ರಾಡಿನ ಒಂದು ತುದಿ ಲಾಕ್‌ನಟ್ಟಿಗೆ ಉಲ್ಟಾ ಥ್ರೆಡ್, ಅದು ಗೊತ್ತಿಲ್ದೆ ಪಾನಾ ಮೇಲೆ ಹತ್ತಿ ನಿಂತು ಥ್ರೆಡ್ ಹಾಳು ಮಾಡ್ಕೊಂಡೋರು ಇದ್ದಾರೆ.

ಕ್ಯಾಂಬರ್, ಅಂದ್ರೆ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರೋದು, ಕಂಪನಿ ಆರ್ಮಲ್ಲಿ ಬದಲಾಯಿಸೋಕೆ ಆಗಲ್ಲ, ಬೇರೆ ಆರ್ಮ್ ಹಾಕ್ಸಿದ್ರೆ ಮಾತ್ರ. ಒಂದ್ಸಲ ಮೇಸ್ತ್ರಿ ರಸಮಟ್ಟ ಇಟ್ಟು ಎರಡೂ ಕಡೆ ಒಂದೇ ಥರ ಇದೆಯಾ ನೋಡ್ಕೊಳ್ಳಿ, ಬೇರೆ ಬೇರೆ ಇದ್ರೆ ಯಾವುದೋ ಆರ್ಮ್ ಬಗ್ಗಿದೆ ಅಂತ ಅರ್ಥ.

ನಿಜವಾದ ಕೆಲಸ ಇರೋದು ಸ್ಯಾಗ್‌ನಲ್ಲಿ. ಗಾಡಿ ಎತ್ತಿ ಚಕ್ರ ನೇತಾಡುವಾಗ ಆಕ್ಸಲ್ ಮಧ್ಯದಿಂದ ನೆಟ್ಟಗೆ ಮೇಲಕ್ಕೆ ಮಡ್‌ಗಾರ್ಡಿನ ಒಂದು ಗುರುತಿಗೆ ಅಳೀರಿ, ಕೆಳಗಿಳಿಸಿ ಹೆಲ್ಮೆಟ್ ಬೂಟು ಸಮೇತ ನೀವು ಕೂತು ಎರಡು ಸಲ ಕುಪ್ಪಳಿಸಿ, ಇನ್ನೊಬ್ರ ಕೈಲಿ ಮತ್ತೆ ಅಳೆಸಿ. ಎಷ್ಟು ಇಳೀತೋ ಅದು ಸ್ಯಾಗ್. ಈ ಗಾಡಿ ಮುಂದಿನ ಟ್ರಾವೆಲ್, ಅಂದ್ರೆ ಚಕ್ರ ಮೇಲೆ ಕೆಳಗೆ ಓಡಾಡೋ ಪೂರ್ತಿ ದೂರ, ಸುಮಾರು 230 ಮಿಲಿಮೀಟರ್, ಅದ್ರಲ್ಲಿ ಹೆಚ್ಚು ಕಮ್ಮಿ ಮೂರನೇ ಒಂದು ಭಾಗ, ಅಂದ್ರೆ 75ರ ಆಸುಪಾಸು ಇಳಿದ್ರೆ ಶುರು ಮಾಡೋಕೆ ಒಳ್ಳೇ ಜಾಗ. ಹಿಂದೇನೂ ಅಳೀರಿ, ಇದನ್ನ ಯಾರೂ ಮಾಡಲ್ಲ. ಹಿಂಭಾಗ ಕುಸಿದು ಕೂತಿದ್ರೆ ಮೂತಿ ಮೇಲಕ್ಕೆ ಹೋಗಿ ಮುಂದಿನ ಟೈರ್ ಮೇಲೆ ಭಾರಾನೇ ಬೀಳಲ್ಲ, ಭಾರ ಇಲ್ದಿದ್ರೆ ಹಿಡಿತ ಎಲ್ಲಿಂದ? ನಂದು ಗುಣ ಆಗಿದ್ದು ಮುಂದಿನ ಪ್ರಿಲೋಡ್ ಇಳಿಸಿ ಹಿಂದಿನದು ಸ್ವಲ್ಪ ಏರಿಸಿದ್ಮೇಲೆ, ಗ್ಯಾರೇಜಲ್ಲಿ ಮಾಡಿದ್ದಕ್ಕೆ ಪೂರ್ತಿ ಉಲ್ಟಾ.

ಶಾಕಿನ ಕ್ಲಿಕ್‌ಗಳಿಗೆ (ಶಾಕು ಎಷ್ಟು ಬೇಗ ಕುಗ್ಗಬೇಕು, ವಾಪಸ್ ಏಳಬೇಕು ಅಂತ ಹೊಂದಿಸೋ, ಕಟಕಟ ಅನ್ನೋ ಸ್ಕ್ರೂಗಳು) ಇದೆಲ್ಲಾ ಮುಗಿದ ಮೇಲೇನೇ ಕೈ ಹಾಕಿ. ಮೊದಲು ಮೆತ್ತಗೆ ಪೂರ್ತಿ ಒಳಕ್ಕೆ ತಿರುಗಿಸ್ತಾ ಎಷ್ಟು ಕ್ಲಿಕ್ ಆಯ್ತು ಅಂತ ಎಣಿಸಿ ಬರ್ಕೊಂಡು, ಅಷ್ಟೇ ವಾಪಸ್ ಬನ್ನಿ. ಸಾಲು ಸಾಲು ಉಬ್ಬು ಬಂದಾಗ ಮುಂಭಾಗ ತಗ್ಗಿ ತಗ್ಗಿ ಕೊನೆಗೆ ಮರದ ಹಲಗೆ ಥರ ಹೊಡೀತಿದ್ರೆ ರಿಬೌಂಡ್ (ಶಾಕು ವಾಪಸ್ ಏಳೋದು) ನಿಧಾನ ಜಾಸ್ತಿ ಆಗಿದೆ, ಎರಡು ಕ್ಲಿಕ್ ಹೊರಕ್ಕೆ. ಬ್ರೇಕ್ ಹಿಡಿದ ತಕ್ಷಣ ಮೂತಿ ನೆಲಕ್ಕೆ ಗುದ್ತಿದ್ರೆ ಲೋ ಸ್ಪೀಡ್ ಕಂಪ್ರೆಷನ್ (ಶಾಕು ನಿಧಾನಕ್ಕೆ ಕುಗ್ಗೋವಾಗಿನ ತಡೆ) ಎರಡು ಕ್ಲಿಕ್ ಒಳಕ್ಕೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೇ ತಿರುವಲ್ಲಿ ಐದು ಸುತ್ತು, ಆಮೇಲೆ ನೋಟ್‌ಬುಕ್ಕು. ಎರಡು ಮೂರು ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿ ಹೋಯ್ತು ಅಂತ ದೇವರಿಗೂ ಗೊತ್ತಾಗಲ್ಲ.

ಇನ್ನೊಂದು, ಬೇಜಾರು ಮಾಡ್ಕೋಬೇಡಿ, ತಪ್ಪು ಸ್ವಲ್ಪ ನಿಮ್ದೂ ಇರಬಹುದು. ಈ ಗಾಡಿಗೆ ಹಿಂದೆ ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರು) ಇಲ್ಲ, ಒಂದೇ ಗಟ್ಟಿ ಆಕ್ಸಲ್, ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗ್ತವೆ. ತಿರುವಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಹೋಗ್ಬೇಕು ಅಲ್ವಾ, ಹಂಗಾಗಿ ಯಾವುದಾದ್ರೂ ಒಂದು ಜಾರಲೇಬೇಕು, ಅದು ಜಾರೋವರೆಗೂ ಗಾಡಿನ ನೆಟ್ಟಗೇ ತಳ್ತಿರ್ತದೆ. ಕಾರು ಓಡಿಸೋ ಥರ ಸುಮ್ನೆ ಕೂತು ಹ್ಯಾಂಡಲ್ ತಿರುಗಿಸಿದ್ರೆ ಬರಲ್ಲ. ತಿರುವಿಗೆ ಮುಂಚೇನೇ ಬ್ರೇಕ್ ಹಿಡೀರಿ, ಮುಂಭಾಗ ತಗ್ಗಿ ಟೈರ್ ಮಣ್ಣು ಕಚ್ಚಿದಾಗ ತಿರುಗಿಸಿ, ಸೀಟಲ್ಲಿ ಮುಂದಕ್ಕೆ ಜರುಗಿ ಮೈ ಒಳಗಡೆಗೆ ಹಾಕಿ, ಆದ್ರೆ ಕಾಲಿನ ಭಾರ ಹೊರಗಡೆ ಫುಟ್‌ಪೆಗ್ ಮೇಲಿರ್ಲಿ, ಮೂತಿ ತಿರುಗಿದ ಮೇಲೆ ಒಂಚೂರು ಥ್ರಾಟಲ್ ಕೊಟ್ರೆ ಹಿಂದುಗಡೆ ಜಾರ್ಕೊಂಡು ಬಂದು ತಿರುಗ್ತದೆ. ಎರಡನೇ ಗೇರಲ್ಲಿ ಒಂದು ವಾರ ಕ್ರೇಟ್ ಸುತ್ತಿ, ಹೆಲ್ಮೆಟ್ ಹಾಕ್ಕೊಂಡು, ಹಿಂದೆ ಯಾರನ್ನೂ ಕೂರ್ಸ್ಕೊಳ್ದೆ. 190 ಕೆಜಿ ಗಾಡಿ ಮೈ ಮೇಲೆ ಬಿದ್ರೆ ತಮಾಷೆ ಅಲ್ಲ.

ಸ್ಪೇಸರ್ ಹಾಕಿದ್ರೆ ಅಗಲ ಆಗಿ ಮಗುಚೋದು ಕಮ್ಮಿ ಆಗ್ತದೆ, ಅದು ನಿಜ. ಆದ್ರೆ ಚಕ್ರ ಹೊರಕ್ಕೆ ಹೋದಷ್ಟೂ ಬೇರಿಂಗ್, ಬಾಲ್ ಜಾಯಿಂಟ್ ಮೇಲೆ ಏಟು ಜಾಸ್ತಿ, ಒಂದೊಂದು ಕಲ್ಲಿಗೂ ಹ್ಯಾಂಡಲ್ ಕೈಯಿಂದ ಕಿತ್ಕೊಂಡು ಹೋಗ್ತದೆ. ಅಗಲ ಬೇಕೇ ಬೇಕು ಅಂದ್ರೆ ಉದ್ದ ಎ-ಆರ್ಮ್ ಸರಿಯಾದ ದಾರಿ, ಅದಕ್ಕೆ ಟೈ ರಾಡು, ಬ್ರೇಕ್ ಪೈಪು, ಒಂದೊಂದ್ಸಲ ಶಾಕೂ ಬದಲಾಗ್ಬೇಕು, ಖರ್ಚು ನೋಡಿ ನಾನು ಕೈ ಬಿಟ್ಟೆ. ಸ್ಯಾಗ್ ಅಳತೆ ಎರಡೂ ಕಡೇದು, ನಿಮ್ಮ ತೂಕ, ಇಷ್ಟು ಕೆಳಗೆ ಬರೆದು ಹಾಕಿ, ಯಾವ ಕಡೆ ಎಷ್ಟು ತಿರುಗಿಸ್ಬೇಕು ನೋಡಿ ಹೇಳ್ತೀನಿ.