ಕಣ್ಣು ಕೆಂಪಗಿದೆ ಅಂತ ಬ್ಯಾಗ್ ತೆಗೆಸಬೇಡಿ

ಪ್ರಶ್ನೆ: ಸರ್, ನಾನು ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಇಪ್ಪತ್ತು ಮಕ್ಕಳಿಗೆ ಮೆಂಟರ್ ಅಂತ ಹಾಕಿದ್ದಾರೆ. ಅವರಲ್ಲಿ ಒಬ್ಬ ಮೂರನೇ ಸೆಮಿಸ್ಟರ್‌ವರೆಗೆ ಚೆನ್ನಾಗಿ ಓದುತ್ತಿದ್ದ. ಈಗ ಬೆಳಗಿನ ಕ್ಲಾಸಿಗೆ ಬರುವುದೇ ಇಲ್ಲ, ಇಂಟರ್ನಲ್ಸ್‌ನಲ್ಲಿ ಖಾಲಿ ಹಾಳೆ ಕೊಟ್ಟು ಎದ್ದುಹೋದ, ಕಣ್ಣು ಸದಾ ಕೆಂಪು. ಗಾಂಜಾ ಅಂತ ಅನುಮಾನ. ಎಚ್‌ಓಡಿ 'ಬ್ಯಾಗ್ ಚೆಕ್ ಮಾಡಿ, ಅಪ್ಪನನ್ನು ಕರೆಸಿ' ಅಂತಾರೆ. ಏನು ಮಾಡಲಿ?
– ಒಬ್ಬ ಮೇಷ್ಟ್ರು, ತುಮಕೂರು

ಉತ್ತರ: ಮೇಷ್ಟ್ರೇ, ಬ್ಯಾಗ್ ಮುಟ್ಟಬೇಡಿ. ಸಿಕ್ಕರೆ ಪೊಲೀಸು, ಸಿಗದಿದ್ದರೆ ಹುಡುಗ ನಿಮ್ಮ ಮುಖ ನೋಡುವುದಿಲ್ಲ, ಎರಡರಲ್ಲೂ ಮಾತು ಅಲ್ಲಿಗೇ ನಿಂತಿತು.

ಕೆಂಪು ಕಣ್ಣು ಒಂದೇ ಸಾಕ್ಷಿಯಲ್ಲ. ಹೀಗೇ ಅನುಮಾನಪಟ್ಟು ನನ್ನ ಹತ್ತಿರ ಕರೆತಂದಿದ್ದ ಹುಡುಗನೊಬ್ಬ ರಾತ್ರಿ ಎರಡರವರೆಗೆ ಬೈಕಲ್ಲಿ ಊಟ ಡೆಲಿವರಿ ಮಾಡುತ್ತಿದ್ದ, ಮನೆಯಲ್ಲಿ ಸಾಲ. ಆದರೆ ಹಾಜರಿ, ಮಾರ್ಕ್ಸು, ಜೊತೆಗಾರರು, ನಿದ್ದೆ, ದುಡ್ಡು, ಇವು ಒಟ್ಟಿಗೆ ಬದಲಾಗಿದ್ದರೆ ಸುಮ್ನೆ ಕೂರುವ ಹಾಗಿಲ್ಲ. ಅದು ಗಾಂಜಾ ಇರಬಹುದು, ಕುಡಿತ ಇರಬಹುದು, ಖಿನ್ನತೆಯೂ ಇರಬಹುದು. ಯಾವುದು ಅಂತ ಕಂಡುಹಿಡಿಯುವುದು ವೈದ್ಯರ ಕೆಲಸ.

ಸ್ಟಾಫ್‌ರೂಮಿನಲ್ಲಿ ನಾಲ್ಕು ಜನರೆದುರು ಕೇಳಬೇಡಿ. ಕ್ಯಾಂಟೀನ್ ಮೂಲೆಯಲ್ಲಿ ಒಂದು ಟೀ ಕೊಡಿಸಿ, ನೀವು ಕಂಡದ್ದನ್ನಷ್ಟೇ ಹೇಳಿ: 'ಆರು ವಾರದಿಂದ ಬೆಳಗ್ಗೆ ಕಾಣ್ತಿಲ್ಲ, ಮೊನ್ನೆ ಖಾಲಿ ಹಾಳೆ ಕೊಟ್ಟೆ, ನಿದ್ದೆ ಬರ್ತಿದೆಯಾ? ಏನಾದ್ರೂ ತಗೊಳ್ತಿದ್ದೀಯಾ?' ಆಮೇಲೆ ಬಾಯಿ ಮುಚ್ಚಿಕೊಳ್ಳಿ, ನಮ್ಮ ಮೇಷ್ಟ್ರುಗಳಿಗೆ ಇದೇ ಕಷ್ಟ! ಮೊದಲ ಸಲ 'ಇಲ್ಲ ಸರ್' ಅಂತಲೇ ಹೇಳುತ್ತಾನೆ. ವಾದ ಬೇಡ, ಮುಂದಿನ ವಾರ ಮತ್ತೆ ಕರೆಯಿರಿ. 'ಯಾರಿಗೂ ಹೇಳಲ್ಲ' ಅಂತ ಮಾತ್ರ ಮಾತು ಕೊಡಬೇಡಿ, ಸಾಯುವ ಮಾತಾಡಿದರೆ ಅವತ್ತೇ ಹೇಳಬೇಕಾಗುತ್ತದೆ.

ಒಪ್ಪಿಕೊಂಡ ಅಂತಿಟ್ಟುಕೊಳ್ಳಿ. ದೇವರ ಆಣೆ ಹಾಕಿಸಿ 'ನಾಳೆಯಿಂದ ಬಿಡು' ಅನ್ನಬೇಡಿ. ದಿನಾ ಜಾಸ್ತಿ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗಿ ಫಿಟ್ಸ್ ಬರಬಹುದು. ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ನೀವೇ ಜೊತೆಗೆ ಹೋಗಿ, ಒಂದು ಸಲವಾದರೂ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಚಟ ಬಿಡಿಸುವುದಕ್ಕೇ ಪ್ರತ್ಯೇಕ ವಿಭಾಗವಿದೆ. ಫೋನಲ್ಲೇ ಮಾತಾಡುತ್ತೇನೆ ಅಂದರೆ 2022ರಿಂದ ಇರುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು.

'ಆಸ್ಪತ್ರೆಗೆ ಹೋದರೆ ಕೇಸ್ ಹಾಕ್ತಾರೆ' ಅನ್ನುವ ಭಯ ಹುಡುಗರಿಗೆ ಬಹಳ. ಮಾದಕವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಪ್ರಕಾರ, ಚಟಕ್ಕೆ ಬಿದ್ದವನು ತಾನಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆ ತೆಗೆದುಕೊಂಡರೆ ಸೇವನೆಯ ಕೇಸಿನಿಂದ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು, ಅದನ್ನೂ ಹೇಳಿ.

ಅಕಸ್ಮಾತ್ ಎಚ್ಚರ ತಪ್ಪಿ, ಉಸಿರು ನಿಧಾನವಾದರೆ, ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಫೋನ್ ಮಾಡಿ, ಮಜ್ಜಿಗೆ, ನಿಂಬೆಹಣ್ಣು ಏನೂ ಕುಡಿಸಬೇಡಿ.

ಇನ್ನು ಅಪ್ಪನ ವಿಷಯ. ಕರೆಸಿ, ಆದರೆ ಹುಡುಗನಿಗೆ ಮೊದಲೇ ಹೇಳಿ. ಅಪ್ಪ ಬಂದಾಗ ಅವನೂ ಪಕ್ಕದ ಕುರ್ಚಿಯಲ್ಲಿರಲಿ.